ಎರಡನೇ ಒಸಗೆ

ಹೆಣ್ಣುಮಗುವಿಗೆ ಒಸಗೆ ಆಗುವುದು ಒಂದೇ ಸಲ, ಮೈನೆರೆದಾಗ. ಸೋದರಮಾವ ಹಸಿ ಸೊಪ್ಪು ಕಡಿದು ತಂದು ಗುಡ್ಲು ಹಾಕುತ್ತಾನೆ, ಹುಡುಗಿಯನ್ನು ಅದರೊಳಗೆ ಕೂರಿಸಿ ಆರತಿ ಎತ್ತುತ್ತಾರೆ. ಆದರೆ ಜಂಗಮಕೋಟೆಯ ರಾಮಾಂಜಿನಪ್ಪ ತನ್ನ ಮಗಳು ಪದ್ಮಶ್ರೀಗೆ ಹದಿನೆಂಟು ತುಂಬಿದ ಮೇಲೆ ಎರಡನೇ ಸಲ ಒಸಗೆ ಮಾಡಲು ಹೊರಟಿದ್ದ, ಅದೂ ಮೆಡಿಕಲ್ ಸೀಟಿಗೋಸ್ಕರ. ಕೇಳಿದವರು ಥೂ ಅನ್ನಬೇಕು. ಹಾಗೆ ಅನ್ನುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಪಿಯುಸಿಯಲ್ಲಿ ಪದ್ಮಶ್ರೀಯ ಅಂಕ ಅಷ್ಟಕ್ಕಷ್ಟೆ. ನೀಟ್‌ನಲ್ಲಿ ಹೇಗೋ ದಡ ಮುಟ್ಟಿದ್ದಳು, ಆದರೆ ಆ ರ್‍ಯಾಂಕಿಗೆ ಯಾವ ಕಾಲೇಜಿನ ಬಾಗಿಲೂ ತೆಗೆಯುವಂತಿರಲಿಲ್ಲ. ಆಗ ಬಂದವನು ಏಜೆಂಟ್ ರಮೇಶ್‌ಬಾಬು. ಎನ್‌ಆರ್‌ಐ ಕೋಟಾದಲ್ಲಿ ಹಾಕೋಣ, ಹೊರದೇಶದಲ್ಲಿರುವ ರಕ್ತಸಂಬಂಧಿ ಒಬ್ಬ ಬೇಕು ಅಷ್ಟೆ, ನಿಮಗಿಲ್ಲದಿದ್ದರೆ ನಾನೇ ತರ್ತೀನಿ ಅಂದ. ರಕ್ತಸಂಬಂಧಿಯನ್ನು ತರುತ್ತಾನಂತೆ, ಸಂತೆಯಿಂದ ಬದನೆಕಾಯಿ ತಂದ ಹಾಗೆ!

ಹಾಗೆ ತಂದವನು ಮಸ್ಕತ್‌ನಲ್ಲಿರುವ ಸುನೀಲ್‌ಕುಮಾರ್. ಇನ್ನು ಮುಂದೆ ಕಾಗದಪತ್ರದಲ್ಲಿ ಅವನು ಪದ್ಮಶ್ರೀಯ ತಾಯಿ ಅಶ್ವತ್ಥಮ್ಮನ ತಮ್ಮ.

"ಕಾಗದ ಎಲ್ರೂ ತರ್ತಾರೆ ಸಾರ್. ಒಸಗೆ ಫೋಟೋ ಇದ್ರೆ ಕಾಲೇಜ್ನವ್ರು ಯಾರೂ ಅನುಮಾನ ಪಡಲ್ಲ. ಸೋದರಮಾವ ಅಲ್ದೆ ಇನ್ಯಾರು ಗುಡ್ಲು ಹಾಕ್ತಾರೆ ಹೇಳಿ? ಎರಡು ಜಡೆ ಹೆಣೆದು, ಮುಖಕ್ಕೆ ದಪ್ಪಗೆ ಅರಿಶಿನ ಬಳಿದ್ರೆ ವಯಸ್ಸೇ ಗೊತ್ತಾಗಲ್ಲ," ಅಂದ ರಮೇಶ್‌ಬಾಬು.

ಪದ್ಮಶ್ರೀ ಬೇಡ ಅನ್ನಲಿಲ್ಲ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಬಿಳಿ ಕೋಟು ಹಾಕಿಕೊಂಡ ತನ್ನನ್ನು ಅವಳು ಕನ್ನಡಿಯಲ್ಲಿ ಎಷ್ಟೋ ಸಲ ನೋಡಿಕೊಂಡಿದ್ದಳು. ಒಂದು ಫೋಟೋ ತಾನೆ, ಕಣ್ಮುಚ್ಚಿ ಕೂತರಾಯಿತು ಅಂದುಕೊಂಡಳು.

ತಕರಾರು ತೆಗೆದವಳು ಅಶ್ವತ್ಥಮ್ಮ. ಅದೂ ಎಂಥ ತಕರಾರು! "ಫೋಟೋಗೆ ಯಾರು ಬೇಕಾದ್ರೂ ನಿಂತ್ಕೊಳ್ಲಿ. ಗುಡ್ಲು ಮಾತ್ರ ನನ್ ತಮ್ಮ ಮುನೇಶನೇ ಹಾಕ್ಬೇಕು. ಬೇರೆಯವ್ರು ಸೊಪ್ಪು ಕಡಿದ್ರೆ ಮಗೀಗೆ ಕೇಡು." ತಮ್ಮನನ್ನು ಅಳಿಸಿಹಾಕುವುದಕ್ಕೆ ಹೆದರಿಕೆ ಇಲ್ಲ, ಸೊಪ್ಪಿಗೆ ಹೆದರಿಕೆ. ಸೀಟಿಗೆ ಏನೋ ಫೋಟೋ ಬೇಕಂತೆ, ಬಾ ಎಂದಷ್ಟೇ ಹೇಳಿ ಅವನನ್ನು ಕರೆಸಿದರು.

ಮುನೇಶ ಕುಡುಮಲಕುಂಟೆಯಲ್ಲಿ ಫ್ಯಾಕ್ಟರಿ ಕೆಲಸಗಾರ. ಲಾಕ್‌ಡೌನಿನಲ್ಲಿ ಪದ್ಮಶ್ರೀ ದೊಡ್ಡವಳಾದಾಗ ನೆಂಟರು ಯಾರೂ ಬರುವಂತಿರಲಿಲ್ಲ. ಅವನ ಮೊಪೆಡ್ಡನ್ನು ಮಂಚೇನಹಳ್ಳಿ ಹತ್ತಿರ ಪೊಲೀಸರು ತಡೆದು ವಾಪಸ್ ಹೋಗು ಅಂದಿದ್ದರು. ಮೊಪೆಡ್ ಅಲ್ಲೇ ಯಾರದೋ ಮನೆ ಮುಂದೆ ನಿಲ್ಲಿಸಿ, ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಬಂದಿದ್ದ. ಮೈಯೆಲ್ಲ ಹಾಲಿನ ಹುಳಿ ವಾಸನೆ. ಅಂದು ಅವನೊಬ್ಬನೇ ನೆಂಟ. ಅಂದು ಒಂದು ಫೋಟೋ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಈಗಲೂ ಅವನು ಬೆಳಗ್ಗೆ ಶಿಫ್ಟ್ ಮುಗಿಸಿ ನೇರ ಬಂದ. ಹೊಂಗೆ ಸೊಪ್ಪು ಕಡಿದು ತಂದು ಅಂಗಳದಲ್ಲಿ ಗುಡ್ಲು ಕಟ್ಟಿದ. ಕಟ್ಟಿ ಮುಗಿಸಿ ಕೈ ಒರೆಸಿಕೊಳ್ಳುವಾಗ ಕಾರಿನಿಂದ ಸುನೀಲ್‌ಕುಮಾರ್ ಇಳಿದ. ರೇಷ್ಮೆ ಶರಟು, ಜರಿ ಪಂಚೆ, ಮೂಗಿಗೆ ಬಡಿಯುವ ಸೆಂಟು.

"ಯಜಮಾನ್ರೇ, ಸ್ವಲ್ಪ ಆಚೆ ಹೋಗಿ. ಫೋಟೋದಲ್ಲಿ ಕಾಲು ಬೀಳ್ತಾವೆ," ಎಂದು ಮುನೇಶನಿಗೆ ಹೇಳಿದ ರಮೇಶ್‌ಬಾಬು. ಮುನೇಶ ಅಕ್ಕನ ಮುಖ ನೋಡಿದ. ಅಕ್ಕ ಆರತಿ ತಟ್ಟೆಯ ಬತ್ತಿ ಸರಿಮಾಡುತ್ತಿದ್ದಳು. ತನ್ನ ಜಾಗಕ್ಕೆ ಬೇರೆಯವನು ಬಂದಿದ್ದಾನೆಂದು ಅವನಿಗೆ ಅರ್ಥವಾಯಿತು. ಹೋಗಿ ಗೋಡೆಗೆ ಒರಗಿ ನಿಂತ.

ಗುಡ್ಲಿನೊಳಗೆ ಪದ್ಮಶ್ರೀಗೆ ಉಸಿರುಗಟ್ಟುತ್ತಿತ್ತು. ಸುನೀಲ್‌ಕುಮಾರ್ ಬಗ್ಗಿ ಅವಳ ಹೆಗಲ ಮೇಲೆ ಕೈಯಿಟ್ಟ. "ಸ್ಮೈಲ್ ಮಾಡು ಬೇಬಿ, ನಿನ್ ಮಾವ ಅಲ್ವಾ ನಾನು," ಎಂದು ಎಳ್ಳಿನ ಚಿಗಳಿ ಉಂಡೆ ಮುರಿದು ಅವಳ ಬಾಯಿಗೆ ತುರುಕಿದ. ಬೆರಳಿಗೆಲ್ಲ ಸಿಗರೇಟಿನ ನಾತ. ರಮೇಶ್‌ಬಾಬು ಮೊಬೈಲು ಹಿಡಿದು ಹಾಗೇ ಇರಿ, ಹಾಗೇ ಇರಿ ಅನ್ನುತ್ತಿದ್ದ.

ಸುನೀಲ್‌ಕುಮಾರ್ ಗೋಡೆಯ ಕಡೆ ತಿರುಗಿದ. "ಗುಡ್ಲು ಚೆನ್ನಾಗಿ ಕಟ್ಟಿದೀಯಲ್ಲ. ಯಾರಪ್ಪ ನೀನು?"

ಮುನೇಶ ಪದ್ಮಶ್ರೀಯನ್ನೊಮ್ಮೆ ನೋಡಿ, "ತೋಟದಲ್ಲಿ ಕೆಲಸ ಮಾಡ್ತೀನಿ ಸಾರ್," ಅಂದ.

"ಹ್ಞೂ, ನಮ್ ಆಳೇ," ಎಂದು ರಾಮಾಂಜಿನಪ್ಪ ದನಿಗೂಡಿಸಿದ.

ಪದ್ಮಶ್ರೀ ಬಾಯಲ್ಲಿದ್ದ ಚಿಗಳಿಯನ್ನು ಥೂ ಎಂದು ಉಗಿದಳು. ಅಪ್ಪನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಮುಚ್ಚಿ ಕೂತರಾಯಿತು ಅಂದುಕೊಂಡ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಎದ್ದು ಆಚೆ ಬಂದಳು.

"ಫೋಟೋ ಅಳಿಸಿ," ಅಂದಳು ರಮೇಶ್‌ಬಾಬುಗೆ. "ಕಾಲೇಜ್ನಿಂದ ಯಾರು ಫೋನ್ ಮಾಡಿ ಕೇಳಿದ್ರೂ ಇವ್ನು ನನ್ ಮಾವ ಅಲ್ಲ ಅಂತೀನಿ."

"ಸೀಟು ಹೋಗ್ತದೆ ಕಣೇ, ಮುಂಡೇದೇ!" ರಾಮಾಂಜಿನಪ್ಪ ಕಿರುಚಿದ.

"ಹೋಗ್ಲಿ."

ಮುನೇಶ ಓಡಿ ಬಂದ. "ಬ್ಯಾಡ ಪದ್ದಮ್ಮ, ಕೂತ್ಕೊ. ಡಾಕ್ಟ್ರಾಗು. ನಾನು ಆಳಾದ್ರೆ ನನ್ ಗಂಟೇನು ಹೋಗ್ತದೆ?"

"ನೀನು ಆಳಾದ್ರೆ ನಾನು ಯಾರು ಮಾವ?"

ಪದ್ಮಶ್ರೀ ಗುಡ್ಲಿನ ಕಡೆ ತಿರುಗಿ ಒಂದು ಗಳ ಹಿಡಿದು ಎಳೆದಳು. ಸೊಪ್ಪು ಸರಸರ ಜಾರಿತು.

ಅಶ್ವತ್ಥಮ್ಮ ಆರತಿ ತಟ್ಟೆ ಬಿಟ್ಟು ಎದೆ ಬಡಿದುಕೊಂಡು ಬಂದಳು. "ಅಯ್ಯಯ್ಯೋ, ನೀನು ಮುಟ್ಬ್ಯಾಡ್ವೇ! ಕೂತಿದ್ದೋಳೇ ಗುಡ್ಲು ಕಿತ್ರೆ ಕೇಡು! ಸೋದರಮಾವ್ನೇ ಕೀಳ್ಬೇಕು ಕಣೇ!"

ಪದ್ಮಶ್ರೀ ಗಳ ಬಿಡಲಿಲ್ಲ. "ಹಂಗಾದ್ರೆ ಕೂಗು. ಯಾರನ್ನ ಕೂಗ್ತೀಯೋ ಕೂಗು."

ರೇಷ್ಮೆ ಶರಟಿನವನು, ತನ್ನನ್ನೇ ಕರೆಯಬಹುದೆಂದು, ಪಂಚೆ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಅಶ್ವತ್ಥಮ್ಮ ಅವನನ್ನು ನೋಡಿದಳು, ಗಂಡನನ್ನು ನೋಡಿದಳು, ಅರ್ಧ ಬಿದ್ದ ಗುಡ್ಲನ್ನು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಮುನೇಶಾ," ಅಂದಳು. "ಬಾರಪ್ಪಾ ತಮ್ಮಾ."