ಹನ್ನೊಂದನೇ ಹಲಗೆ

ಪ್ರವಾಹ ತಡೆಯುವ ಗೋಡೆ ಬೇಡವೆಂದು ನಾನೆಂದೂ ಹೇಳಿಲ್ಲ. ನನ್ನ ದೋಣಿ ರಿಪೇರಿ ಶೆಡ್ಡಿನಿಂದ ಹೊಳೆಗೆ ಇಳಿಯುವ ಇಳಿಜಾರನ್ನು ಮುಚ್ಚಬೇಡಿ ಎಂದಷ್ಟೇ ಹೇಳಿದ್ದೆ. ದೋಣಿಯೇ ಮೇಲೆ ಬರದಿದ್ದರೆ ನಾನು ರಿಪೇರಿ ಮಾಡುವುದೇನನ್ನು, ನನ್ನ ತಲೆಯನ್ನೇ? ನಕ್ಷೆಯಲ್ಲಿ ಆ ಜಾಗ ‘ಖಾಲಿ’ ಎಂದಿತ್ತು. ಅಳತೆಯವರು ಬಂದದ್ದು, ದೋಣಿಗಳನ್ನೆಲ್ಲ ನೀರಿಗಿಳಿಸಿ ನಾನು ಇಳಿಜಾರು ತೊಳೆದಿಟ್ಟ ದಿನ. ಚೊಕ್ಕಟವಾಗಿಟ್ಟಿದ್ದೇ ತಪ್ಪಾಯಿತು!

ಮೈಯೆಲ್ಲ ಉರಿದದ್ದು ಗೋಡೆಯ ಅರ್ಜಿಯಲ್ಲಿ ಭಾವನ ಸಹಿ ನೋಡಿ. ನನ್ನ ಗಂಡನ ಅಣ್ಣ, ಪಕ್ಕದ ಮನೆಯವರು. ಹೋದ ವರ್ಷ ಅವರ ಮನೆಯೊಳಗೆ ಸೊಂಟದವರೆಗೆ ನೀರು ನಿಂತಿತ್ತು.

“ನಿನಗೆ ದೋಣಿ ಚಿಂತೆ, ನನಗೆ ಮನೆ ಚಿಂತೆ ಕಣಮ್ಮಾ,” ಎಂದರು.

“ಎರಡೂ ಉಳಿಯುತ್ತೆ ಭಾವ. ನಾಳೆ ಎಂಜಿನಿಯರನ್ನ ಕರ್ಕೊಂಡು ಬನ್ನಿ.”

ಬಂದರು. ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿ ಎಂಜಿನಿಯರನ್ನು ಕೂರಿಸಿದೆ.

“ಗೋಡೇಲಿ ದಾರಿ ಬಿಟ್ರೆ, ನೀರು ಬಂದಾಗ ಮುಚ್ಚೋರು ಯಾರಮ್ಮಾ? ಎರಡೇ ಗಂಟೆ ಮುಂಚೆ ಗೊತ್ತಾಗೋದು.”

“ನಾನು. ವಾಚು ನೋಡ್ತಿರಿ.”

ನನ್ನ ಶೆಡ್ಡಿನದು ಕಲ್ಲಿನ ಗೋಡೆ. ಹೊಳೆ ಕಡೆಯ ಬಾಗಿಲೆಂದರೆ ಉದ್ದಕ್ಕೂ ತೋಡು ಕೊರೆದ ಎರಡು ಕಂಬ, ನಂಬರು ಬರೆದ ಹನ್ನೊಂದು ಹಲಗೆ. ಒಂದರ ಮೇಲೊಂದು ಜಾರಿಸಿದರಾಯಿತು. ಅಂಚಿಗೆಲ್ಲ ದೋಣಿಯ ಸಂದಿಗೆ ತುಂಬುವ ನಾರನ್ನೇ ಬಡಿದಿದ್ದೇನೆ. ಮೂವರೂ ಒಳಗಿದ್ದಂತೆಯೇ ಒಂದೊಂದಾಗಿ ಇಳಿಸಿದೆ. ಹತ್ತಾಯಿತು.

“ಸ್ವಲ್ಪ ಎದ್ದೇಳಿ ಸಾರ್. ನೀವು ಕೂತಿರೋದೇ ಹನ್ನೊಂದನೇದು.”

ಎಂಜಿನಿಯರು ಗಡಬಡಿಸಿ ಎದ್ದರು. ಅದನ್ನೂ ಜಾರಿಸಿದಾಗ ವಾಚಿನಲ್ಲಿ ಒಂಬತ್ತು ನಿಮಿಷ.

“ನೀರು ನಿಲ್ಲುತ್ತೆ ಅಂತ ಏನು ಗ್ಯಾರಂಟಿ?” ಎಂದರು.

ಇಬ್ಬರನ್ನೂ ಹಿಂಬಾಗಿಲಿನ ಮೆಟ್ಟಿಲು ಹತ್ತಿಸಿ, ಸುತ್ತು ಹಾಕಿಸಿ ಮುಂದೆ ಕರೆತಂದೆ. ಹಲಗೆಗಳ ಹೊರಮೈಯಲ್ಲಿ ಸೊಂಟದೆತ್ತರಕ್ಕೆ ಹೋದ ವರ್ಷದ ಕೆಸರಿನ ಗೆರೆ ಇನ್ನೂ ಇತ್ತು. ಭಾವ ಅದನ್ನೇ ನೋಡಿದರು. ಮತ್ತೆ ಒಳಗೆ ಹೋಗಿ ಕೂತು, ಹಲಗೆಗಳ ಬುಡ, ಗೋಡೆಯ ಸುಣ್ಣ ಎಲ್ಲದರ ಮೇಲೂ ಕೈಯಾಡಿಸಿದರು. ಎಲ್ಲೂ ಒಂದು ಕಲೆಯಿರಲಿಲ್ಲ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಿಮ್ಮನೇಲಿ ಹಾಸಿಗೆ ತೇಲ್ತಿದ್ದಾಗ, ನಮ್ಮದು ಒಣಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ ಭಾವ?”

ಭಾವ ಮೂಗು ಒರೆಸಿಕೊಂಡು ಎಂಜಿನಿಯರ ಕಡೆ ತಿರುಗಿದರು.

“ಗೋಡೆ ಕಟ್ಟಿ ಸಾರ್. ಇಲ್ಲಿ ಮಾತ್ರ ದಾರಿ ಬಿಟ್ಟು ಇಂಥದೇ ಹಲಗೆ ಕೊಡಿ. ಮುಚ್ಚೋಕೆ ಇವಳ ಜೊತೆ ನಾನಿರ್ತೀನಿ. ಬೇಕಾದ್ರೆ ಇನ್ನೊಂದು ಸಹಿ ಹಾಕ್ತೀನಿ.”

ಹನ್ನೊಂದನೇ ಹಲಗೆಯನ್ನು ಭಾವನೇ ಕಿತ್ತು ಮತ್ತೆ ಡ್ರಮ್ಮಿನ ಮೇಲೆ ಹಾಕಿದರು. ಎಂಜಿನಿಯರು ಕೂತು, ನಕ್ಷೆ ಬಿಡಿಸಿ, ‘ಖಾಲಿ’ ಎಂಬುದನ್ನು ಹೊಡೆದುಹಾಕಿದರು.