ಮಗಳು ಮುಚ್ಚಿಟ್ಟ ಸೂಜಿ

ಟೈಲರಮ್ಮನ ಒಂಬತ್ತು ವರ್ಷದ ಮಗಳು ಮೂರು ದಿನದಿಂದ ಕುಂಟುತ್ತಿದ್ದಳು. ಕೇಳಿದರೆ "ಶೂ ಕಚ್ಚುತ್ತೆ" ಎನ್ನುತ್ತಿದ್ದಳು. ಹೊಸ ಶೂ ತಂದರೂ ಕುಂಟಿದಳು. ಮಲಗುವಾಗಲೂ ಸಾಕ್ಸ್ ತೆಗೆಯುತ್ತಿರಲಿಲ್ಲ. ನಾಲ್ಕನೆಯ ದಿನ ಮೈ ಇಸ್ತ್ರಿ ಪೆಟ್ಟಿಗೆಯಂತೆ ಕಾದಿತ್ತು. ಸಾಕ್ಸ್ ಎಳೆಯಲು ಹೋದರೆ ಚೀರಿದಳು. ಟೈಲರಮ್ಮ ಅರ್ಧ ಹೊಲಿದ ರವಿಕೆಯನ್ನು ಯಂತ್ರದಲ್ಲೇ ಬಿಟ್ಟು, ಮಗಳನ್ನು ಎತ್ತಿಕೊಂಡು ಬೀದಿ ಕೊನೆಯ ಆಸ್ಪತ್ರೆಗೆ ಓಡಿದಳು.

ಅಲ್ಲಿಯ ನರ್ಸು ಇವರ ಮನೆಯ ಮೇಲ್ಮಹಡಿಯಲ್ಲಿ ಇರುವವಳೇ.

"ಎಲ್ಲಿ ಪುಟ್ಟಿ, ಕಾಲು ತೋರಿಸು."

"ಅಮ್ಮನ ಫೋನ್ ಎಲ್ಲಿದೆ?"

"ಬ್ಯಾಗಲ್ಲಿರಬೇಕು. ಯಾಕೆ?"

"ಅಮ್ಮ ಆಚೆ ಹೋಗ್ಲಿ. ಆಮೇಲೆ ತೋರಿಸ್ತೀನಿ."

ಟೈಲರಮ್ಮನಿಗೆ ರೇಗಿತು. "ನಾನ್ಯಾಕೆ ಹೋಗ್ಲಿ? ಹೆತ್ತೋಳು ನಾನು."

"ಹೆತ್ತವ್ವಾ, ಮೊದ್ಲು ಆಚೆ ಹೋಗು. ಜಗಳ ಆಮೇಲೆ ಆಡೋಣ" ಎಂದು ನರ್ಸು ಬಾಗಿಲು ಹಾಕಿಕೊಂಡಳು.

ಡಾಕ್ಟರು ಒಳಗೆ ಹೋದರು. ಮಗು ಒಮ್ಮೆ ಕಿರುಚಿತು. ಬೆಂಚಿನ ಮೇಲೆ ಕೂತಿದ್ದ ಟೈಲರಮ್ಮ ಎದ್ದು ಬಾಗಿಲಿಗೆ ಕಿವಿಯಿಟ್ಟಳು. ಸ್ವಲ್ಪ ಹೊತ್ತಿಗೆ ನರ್ಸು ಹೊರಬಂದು ಅಂಗೈಯಗಲದ ಬಟ್ಟಲು ತೋರಿಸಿದಳು. ಅದರಲ್ಲಿ ಅಕ್ಕಿ ಕಾಳಿನಷ್ಟು ಕಬ್ಬಿಣ.

"ನಿನ್ನ ಯಂತ್ರದ್ದೇ ಮುರಿದ ಸೂಜಿ. ಅಂಗಾಲಲ್ಲಿ ಕೀವು ಕಟ್ಟಿತ್ತು. ಇನ್ನೆರಡು ದಿನ ಬಿಟ್ಟಿದ್ರೆ ಕಷ್ಟ ಇತ್ತು. ಈಗ ಭಯ ಇಲ್ಲ, ಇಂಜೆಕ್ಷನ್ನೂ ಕೊಟ್ಟಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ ಅವ್ಳು?"

"ಹೇಳಿದ್ರೆ ವಿಡಿಯೋ ಮಾಡ್ತೀಯ ಅಂತ."

ಟೈಲರಮ್ಮ ಐದು ವರ್ಷದಿಂದ ಮಗಳ ದಿನಚರಿಯನ್ನು ವಿಡಿಯೋ ಮಾಡಿ, ಇಂಟರ್ನೆಟ್ಟಿಗೆ ಹಾಕಿ ಊರಿಗೆಲ್ಲ ತೋರಿಸುತ್ತಿದ್ದಳು. ಹಲ್ಲು ಬಿದ್ದದ್ದು, ಹಾಸಿಗೆ ಒದ್ದೆ ಮಾಡಿಕೊಂಡದ್ದು, ಹೇನು ಬಾಚುವಾಗ ಅತ್ತದ್ದು. ಹೇನಿನ ವಿಡಿಯೋ ಬಂದ ಮೇಲೆ ತರಗತಿಯ ಮಕ್ಕಳು ಇವಳನ್ನು ಕಂಡರೆ ತಲೆ ಕೆರೆದುಕೊಳ್ಳುತ್ತಿದ್ದರು. "ಮಕ್ಕಳಲ್ವಾ, ಮರೀತಾರೆ" ಎಂದು ತಾಯಿ ನಕ್ಕುಬಿಟ್ಟಿದ್ದಳು.

"ಪ್ರೀತಿಯಿಂದ ಹಾಕ್ತೀನಿ ಕಣೇ. ಎಲ್ರೂ ಎಷ್ಟು ಮುದ್ದು ಅಂತಾರೆ. ನನ್ ಮಗು, ನನ್ನಿಷ್ಟ."

"ಅಂಗಡೀಲಿ ಅಳತೆ ತಗೊಳ್ಳುವಾಗ ಪರದೆ ಎಳೀತೀಯಲ್ಲ, ಯಾಕೆ?"

"ಗಿರಾಕಿ ಮಾನ ಅಲ್ವಾ?"

"ಗಿರಾಕಿಗೆ ಮಾನ ಇದೆ, ಮಗಳಿಗಿಲ್ವಾ?"

ಟೈಲರಮ್ಮ ಬ್ಯಾಗಿನಿಂದ ಫೋನು ತೆಗೆದಳು.

"ಅಷ್ಟೇ ಅಲ್ಲ. ಯೂನಿಫಾರಂ ಕಾಣುತ್ತೆ, ಮನೆ ಬಾಗಿಲು ಕಾಣುತ್ತೆ. ಎಷ್ಟೊತ್ತಿಗೆ ಬಸ್ ಹತ್ತುತ್ತಾಳೆ ಅಂತ್ಲೂ ನೀನೇ ಹೇಳಿದ್ದೀಯ. ನೋಡೋರೆಲ್ಲ ಒಳ್ಳೇವ್ರೇ ಅಂತ ಯಾರು ಬರ್ಕೊಟ್ರು ನಿಂಗೆ?"

"ಅಳಿಸಿದ್ರೆ ಹೋಗುತ್ತಾ?"

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಯಾರಾದ್ರೂ ಅವ್ರ ಫೋನಿಗೆ ಇಳಿಸ್ಕೊಂಡಿದ್ರೆ ನಮ್ಮ ಕೈಲಿಲ್ಲ. ನಿನ್ನ ಕೈಲಿರೋದನ್ನ ಇವತ್ತೇ ಅಳಿಸು. ನಿನ್ನ ಹೊಲಿಗೆ ಎಷ್ಟು ಬೇಕಾದ್ರೂ ತೋರಿಸ್ಕೋ. ಮಗಳದ್ದು ಹಾಕೋ ಮುಂಚೆ ಮಗಳನ್ನ ಕೇಳು. ಬೇಡ ಅಂದ್ರೆ ಬೇಡ."

ಅವತ್ತು ಮಧ್ಯಾಹ್ನ ತಾಯಿ ಮಗಳು ಆಸ್ಪತ್ರೆಯ ಮಂಚದ ಮೇಲೆ ಒಟ್ಟಿಗೆ ಕೂತು ಒಂದೊಂದೇ ಅಳಿಸಿದರು. ಹೇನಿನದ್ದನ್ನು ಮಗಳೇ ಬೆರಳಿಟ್ಟು ಒತ್ತಿದಳು. "ಇದೂ ಹೋಗ್ಲಿ, ಅದೂ ಹೋಗ್ಲಿ" ಎನ್ನುತ್ತ ನಗತೊಡಗಿದಳು. ಸಂಜೆಗೆ ಜ್ವರ ಇಳಿಯಿತು.

"ಅಮ್ಮಾ, ಒಂದು ಹೇಳ್ಲಾ? ಯಾರ್ಗೂ ಹೇಳ್ಬಾರ್ದು."

"ಹೇಳಲ್ಲ ಮಗಾ. ಆಣೆಗೂ ಹೇಳಲ್ಲ."

ಮಗಳು ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ನೀವು ಕೇಳಬೇಡಿ. ಅದು ಅವರಿಬ್ಬರದು.

ತಂದೆ ತಾಯಿಗಳೇ, ಈಗಲೇ ನಿಮ್ಮ ಫೋನು ತೆರೆದು ನೋಡಿ. ಮಗು ಅಳುವುದು, ಸ್ನಾನ ಮಾಡುವುದು, ಕಾಯಿಲೆ ಬಿದ್ದದ್ದು ಇದ್ದರೆ ಅಳಿಸಿ. ಶಾಲೆಯ ಹೆಸರು, ಮನೆಯ ದಾರಿ ಕಾಣುವುದನ್ನೂ ಅಳಿಸಿ. ಇನ್ನು ಮುಂದೆ ಮಗುವನ್ನು ಕೇಳದೆ ಒಂದು ಫೋಟೋವನ್ನೂ ಹಾಕಬೇಡಿ. ಮಾತು ಬಾರದ ಕೂಸಾದರೆ ಹಾಕಲೇಬೇಡಿ. ನೋವಾದಾಗ ಮಗು ಮೊದಲು ನಿಮ್ಮ ಹತ್ತಿರ ಬರಬೇಕೋ ಬೇಡವೋ, ನೀವೇ ಯೋಚಿಸಿ.