ಬಿಟ್ಟು ಹೋದವರ ಫಾರಂ

ಕನ್ನಡಕದ ಗಾಜು ಮಾಡುವ ಆ ಕಾರ್ಖಾನೆಯಲ್ಲಿ ಕೆಲಸ ಬಿಡುವವರು ಒಂದು ಫಾರಂ ತುಂಬಬೇಕು. ಅದನ್ನು ಕಂಡರೆ ಲೆಕ್ಕದಮ್ಮನಿಗೆ ಮೈ ಉರಿಯುತ್ತಿತ್ತು. ಅಂಕಿಅಂಶ ನೋಡಿಕೊಳ್ಳುವ ಅವಳಿಗೆ ಕಾರ್ಖಾನೆಯವರು ಇಟ್ಟ ಹೆಸರು ಅದು. ಫಾರಮಿಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಸಹಿ ಹಾಕುವವರ ಎದುರೇ ಕೂತು ಯಾವ ಪುಣ್ಯಾತ್ಮ ನಿಜ ಬರೆದಾನು? ಎಲ್ಲರದೂ ಒಂದೇ ರಾಗ: ‘ವೈಯಕ್ತಿಕ ಕಾರಣ’.

ಜನ ಯಾಕೆ ನಿಲ್ಲುತ್ತಿಲ್ಲ ಎಂದು ಶುಕ್ರವಾರದೊಳಗೆ ಹೇಳಲೇಬೇಕೆಂದು ಮ್ಯಾನೇಜರು ಪಟ್ಟು ಹಿಡಿದಿದ್ದರು. ಅವಳು ಫಾರಂಗಳನ್ನು ಅತ್ತ ತಳ್ಳಿ ಹಾಜರಿ ಪುಸ್ತಕ ಹಿಡಿದು ಕೂತಳು. ಸಂಬಳ, ವಯಸ್ಸು, ಮನೆಯ ದೂರ ಎಲ್ಲವನ್ನೂ ಪರೀಕ್ಷೆಗೆ ಹಚ್ಚಿದಳು; ಬಿಟ್ಟವರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಂತರ ಆಕಸ್ಮಿಕವೋ ಅಲ್ಲವೋ ಎಂದು ತೋರಿಸುವ ಕೈ-ಸ್ಕ್ವೇರ್ ಪರೀಕ್ಷೆಯನ್ನು ವಿಭಾಗವಾರು ಮಾಡಿದಾಗ ಒಂದು ವಿಭಾಗ ಎದ್ದು ಕಂಡಿತು. ಬೇರೆ ಕಡೆ ಕಳೆದ ಎರಡು ವರ್ಷದಲ್ಲಿ ನಲವತ್ತಕ್ಕೆ ಆರೋ ಏಳೋ ಜನ ಬಿಟ್ಟಿದ್ದರು. ಗಾಜಿನ ತಪಾಸಣೆ ವಿಭಾಗದಲ್ಲಿ ಮೂವತ್ತೊಂದಕ್ಕೆ ಹತ್ತೊಂಬತ್ತು. ಬರೀ ಆಕಸ್ಮಿಕವಾಗಿ ಇಂಥ ಅಂತರ ಸಾವಿರಕ್ಕೊಮ್ಮೆಯೂ ಬರುವುದಿಲ್ಲ.

ತಪಾಸಣೆಯ ಮುಖ್ಯಸ್ಥೆ ಅವಳ ಸ್ವಂತ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಇವಳನ್ನು ಸಾಕಿ, ಓದಿಸಿ, ಇಲ್ಲಿಗೆ ಸೇರಿಸಿದವಳು.

ಸಂಬಳ, ವಯಸ್ಸು, ದೂರ ಮೂರರಲ್ಲೂ ವ್ಯತ್ಯಾಸವಿಲ್ಲ ಎಂದಷ್ಟೇ ಬರೆದು ವರದಿ ಮುಗಿಸಿದಳು. ಒಂದಕ್ಷರವೂ ಸುಳ್ಳಿರಲಿಲ್ಲ. ಓದಿಕೊಂಡಾಗ ತನ್ನ ಮೇಲೇ ಹೇಸಿಗೆಯಾಯಿತು. ಹರಿದು ಹಾಕಿ, ವಿಭಾಗದ ಹಾಳೆ ಹಿಡಿದು ಅಕ್ಕನ ಹತ್ತಿರ ಹೋದಳು.

ಅಕ್ಕ ಹತ್ತಾರು ಜನರ ಮುಂದೆ ಒಂದು ಗಾಜು ಎತ್ತಿ ಹಿಡಿದಿದ್ದಳು. “ಈ ಗೀರು ಕಾಣಲಿಲ್ವಾ? ಕಣ್ಣು ಅಡ ಇಟ್ಟು ಬಂದಿದ್ದೀಯಾ?” ಎದುರು ನಿಂತ ಹೆಂಗಸು ತಲೆ ಎತ್ತಲಿಲ್ಲ.

ಒಳಗೆ ಕೂತು ಹಾಳೆ ಓದಿದ ಅಕ್ಕ, “ಕಣ್ಣಿಗೆ ಶ್ರಮ ಕೊಡೋ ಕೆಲಸ, ಅದಕ್ಕೇ ಬಿಡ್ತಾರೆ,” ಎಂದಳು.

“ನಿನಗಿಂತ ಮುಂಚೆ ಇದ್ದವರ ಕಾಲದಲ್ಲೂ ಇದೇ ಕೆಲಸ, ಇದೇ ದೀಪ. ಅಷ್ಟೇ ವರ್ಷದಲ್ಲಿ ಬಿಟ್ಟವರು ಮೂರೇ ಜನ.”

“ತಪ್ಪು ಕಂಡ್ರೆ ಹೇಳ್ತೀನಿ, ಅದೂ ತಪ್ಪಾ? ನಿನ್ನೂ ಹಾಗೇ ಬೆಳೆಸಿದ್ದು. ನೀನೇನು ನನ್ನ ಬಿಟ್ಟು ಹೋದ್ಯಾ?”

ತಂಗಿಯೂ ತಲೆ ತಗ್ಗಿಸಿದಳು. ಕಳೆದ ವರ್ಷ ಅಕ್ಕನ ಮನೆ ಬಿಟ್ಟು ಎರಡು ಬೀದಿಯಾಚೆ ಕೋಣೆ ಹಿಡಿದಿದ್ದಳು. ಹಾಸಿಗೆ ಹೊತ್ತು ತಂದುಕೊಟ್ಟವಳೂ ಅಕ್ಕನೇ. ಆ ಅಕ್ಕನ ಮುಖ ಈಗ ಸಣ್ಣಗಾಯಿತು.

“ಓದೋಕೆ ಅನುಕೂಲ ಅಂತ ತಾನೇ ಹೋಗಿದ್ದು?”

“ಅಲ್ಲ, ಅಕ್ಕಾ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ಭಯ ಆಯ್ತು.”

ಅಕ್ಕ ಹಾಳೆಯನ್ನು ಮತ್ತೊಮ್ಮೆ ಓದಿದಳು. “ಈ ಹಾಳೆ ನನಗಿರಲಿ. ಮ್ಯಾನೇಜರ ಹತ್ತಿರ ನಾನೇ ತಗೊಂಡು ಹೋಗ್ತೀನಿ,” ಎಂದಳು. ಹಾಳೆ ಮಡಚಿಕೊಂಡು ಎದ್ದಳು.